ಕಳೆಯುವ ಲೆಕ್ಕ

ಐನೂರ ಒಂದರಿಂದ ಶುರು.
ಈ ಆಟದಲ್ಲಿ ಕೂಡುವುದಿಲ್ಲ, ಕಳೆಯುತ್ತ ಹೋಗಬೇಕು
ಸೊನ್ನೆ ಮುಟ್ಟುವ ತನಕ.
ನನಗದನ್ನು ಯಾರೂ ಕಲಿಸಬೇಕಾಗಿರಲಿಲ್ಲ,
ಹಾಸನ ಡಿಪೋದ ಕಂಡಕ್ಟರು,
ಈಗ ಅರ್ಧ ಬಸ್ಸಿಗೆ ಸೊನ್ನೆ ರೂಪಾಯಿಯ ಚೀಟಿಯನ್ನೇ ಹರಿಯುವವಳು.

ಧರಣೇಂದ್ರನ ಮೋಟಾರ್ ರಿವೈಂಡಿಂಗ್ ಅಂಗಡಿ.
ಭಾನುವಾರ, ರಾತ್ರಿ ಹನ್ನೊಂದೂವರೆ, ಷಟರು ಅರ್ಧ ಇಳಿದಿದೆ.
ತಾಮ್ರದ ತಂತಿಯುಂಡೆಗೆ ಒರಗಿಸಿಟ್ಟ ಫೋನಿನಲ್ಲಿ
ಜರ್ಮನಿಯ ಯಾವುದೋ ಊರು, ಅಲ್ಲಿನ್ನೂ ಸಂಜೆ.
ಬಾಳೆಹಣ್ಣಿನ ವೇಷದ ಹತ್ತು ಗಂಡಸರು
ಬೆಂಚು ಹತ್ತಿ ಹಾಡುತ್ತಿದ್ದಾರೆ.
ಯಾಕೆ, ಅಂತ ಕೊಟ್ರೇಶ ಕೇಳಿದ. ಯಾರಿಗೂ ಗೊತ್ತಿಲ್ಲ.

ನಮ್ಮ ಗೋಡೆಯ ಹಲಗೆ ಸಕಲೇಶಪುರದ ಕ್ಲಬ್ಬೊಂದರ ಹರಾಜಿನದು,
ಇನ್ನೂರೈವತ್ತಕ್ಕೆ, ಜೊತೆಗೊಂದು ಕೆಟ್ಟ ಫ್ಯಾನು.
ಕತ್ತಾಳೆ ನಾರಂತೆ. ಚುಚ್ಚಿ ಕಿತ್ತರೆ
ಗಾಯ ತಾನಾಗೇ ಕೂಡಿಕೊಳ್ಳುತ್ತದೆ.
ಟೇಪು ಹಿಡಿದು ಏಳಡಿ ಒಂಬತ್ತೂಕಾಲಿಂಚಿಗೆ ಗೆರೆ ಎಳೆದವಳು ನಾನು,
ಸೀಮೆಸುಣ್ಣದವಳೂ ನಾನೇ.
ಒಂದೊಂದು ಆಟಕ್ಕೂ ಅವರು ಲೆಗ್ ಅನ್ನುತ್ತಾರೆ.
ಎಡಗಾಲೋ, ಮುಕ್ಕಾಲೋ, ಅಂತ ವಾರವಾರವೂ ನಗುತ್ತೇವೆ.

ಕೊಟ್ರೇಶ ಎಸೆಯುವುದಿಲ್ಲ.
ಶಾಂತಿಗ್ರಾಮದ ತಿರುವಿನಲ್ಲಿ ಬೈಕೊಂದು ಬಂಪರಿಗೆ ಬಂದಾಗ
ಹಿಂದಿನ ಬಾಗಿಲಲ್ಲಿ ನಾನಿದ್ದೆ, ಸೀಟಿ ಬಾಯಲ್ಲಿತ್ತು.
ಆ ಹುಡುಗ ಎದ್ದು ಓಡಾಡುತ್ತಿದ್ದಾನೆ,
ಮೊನ್ನೆ ನನ್ನ ಬಸ್ಸಿಗೇ ಹತ್ತಿದ್ದ.
ಇವನು ಡಿಪೋದಲ್ಲಿ ಟೈರಿಗೆ ಗಾಳಿ ಹಿಡಿಯುತ್ತಾನೆ.
ಸ್ಟೇರಿಂಗು ಹಿಡಿದ ಕೈ ಬಿಡುವುದಿಲ್ಲವಂತೆ,
ಬಾಣ ಹಿಡಿದರೂ ಅಷ್ಟೇ, ಬೆರಳು ತೆರೆಯದು.
ಕೈಯಲ್ಲಿ ಏನೂ ಇಲ್ಲ ಅಂದರು ಡಾಕ್ಟರು.
ಏನೂ ಇಲ್ಲದ್ದನ್ನ ಹೆಂಗ್ ಬಿಡ್ಲಿ ಸ್ವಾಮಿ, ಅಂತ ಕೇಳಿ ಬಂದ.

ಪರದೆಯಲ್ಲಿ ಯೋರಿಟ್ ಅನ್ನುವವನು, ನಲವತ್ತು ದಾಟಿದವ,
ನೂರ ಎಂಬತ್ತು ಹೊಡೆದ. ಮತ್ತೆ ನೂರ ಎಂಬತ್ತು.
ನೂರ ನಲವತ್ತೊಂದು, ಅಂದೆ ನಾನು, ಅವರ ಯಂತ್ರಕ್ಕಿಂತ ಮೊದಲು.
ಆಮೇಲೆ ನೂರ ಒಂಬತ್ತು. ಉಳಿದದ್ದು ಮೂವತ್ತೆರಡು.
ಕೊನೆಯದು ಮಾತ್ರ ಅಂಚಿನ ಸಣ್ಣ ಪಟ್ಟಿಗೇ ನಾಟಬೇಕು,
ಜೋಡಿಗೆ. ಹದಿನಾರರ ಜೋಡಿ.
ಒಂದು ಕೂದಲು ಒಳಗೆ ಬಿತ್ತು: ಹದಿನಾರು ಉಳಿಯಿತು.
ಅದರ ಅರ್ಧಕ್ಕೆ ಗುರಿಯಿಟ್ಟ, ಮತ್ತೆ ಒಳಗೆ: ಎಂಟು.
ಮತ್ತೆ: ನಾಲ್ಕು.
ಎದುರಾಳಿ ಹುಡುಗನೂ ತಪ್ಪಿದ, ಇವನು ಮರಳಿ ಬಂದ, ಎರಡು ಉಳಿಸಿದ.
ಅರ್ಧ, ಕಾಲು, ಅರೆಕಾಲು, ವೀಸ.
ಆಲೂಗಡ್ಡೆ ಮಂಡಿಯಲ್ಲಿ ನಮ್ಮವ್ವನ ಬಾಯಲ್ಲಿ ಕೇಳಿದ ಮಗ್ಗಿ
ಆ ಊರಿನ ದೀಪಗಳಡಿ ಇಳಿಯುತ್ತಿತ್ತು.

ವೀಸ ಉಳಿದಾಗ ಅವನ ಕೈ ನಿಂತಿತು.
ಮೊಣಕೈ ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು,
ಬಾಣ ಬೆರಳಲ್ಲೇ ಇತ್ತು.
ಇನ್ನೊಮ್ಮೆ. ಇನ್ನೊಮ್ಮೆ.
ಬಾಳೆಹಣ್ಣುಗಳು ಕೂತವು.
ಕೊಟ್ರೇಶ ಫೋನಿನ ಹತ್ತಿರ ಬಗ್ಗಿ, ಮೆಲ್ಲಗೆ,
ಬಿಡಲೇ ತಮ್ಮಾ, ಅಂದ, ಬಿಡು.

ಬಿಟ್ಟ. ಒಂದಕ್ಕೆ ಬಿತ್ತು, ಒಂದು ಉಳಿಯಿತು.
ಈ ಆಟದಲ್ಲಿ ಒಂದು ಉಳಿಸುವಂತಿಲ್ಲ. ಒಂದಕ್ಕೆ ಜೋಡಿಯಿಲ್ಲ.
ಲೆಕ್ಕ ಹಿಂದಕ್ಕೆ ನಾಲ್ಕಕ್ಕೆ. ಹುಡುಗ ಬಂದು ಮುಗಿಸಿದ.
ಯೋರಿಟ್ ಅವನ ಬೆನ್ನು ತಟ್ಟಿದ,
ಬಾಯಲ್ಲಿದ್ದ ಗಮ್ಮನ್ನು ಕಾಗದಕ್ಕೆ ಸುತ್ತಿ ಜೇಬಿಗಿಟ್ಟು
ಇಳಿದು ಹೋದ. ನೆಟ್ ಪ್ಯಾಕೂ ಅಲ್ಲಿಗೆ ಮುಗಿಯಿತು.

ಯಾರೂ ಹೇಳಲಿಲ್ಲ. ಕೊಟ್ರೇಶ ಗೆರೆಗೆ ಬಂದು ನಿಂತ.
ಧರಣೇಂದ್ರ ಫ್ಯಾನು ಆರಿಸಿದ.
ಸ್ಟೇಷನ್ನಿನ ಕಡೆ ಗೂಡ್ಸು ಗಾಡಿ ಪೂರ್ತಿ ಹಾದುಹೋಗುವಷ್ಟು ಹೊತ್ತು
ಆ ಕೈ ಗಾಳಿಯಲ್ಲಿತ್ತು.
ಆಮೇಲೆ ಟಪ್ಪೆಂದಿತು.
ಇಪ್ಪತ್ತಕ್ಕೆ ಎಸೆದದ್ದು ಪಕ್ಕದ ಮನೆಗೆ ನಾಟಿತ್ತು,
ಒಂದಕ್ಕೆ.

ಬುಟ್ಟಿ ಎಣಿಸುವಾಗ ನಮ್ಮವ್ವ ಒಂದು ಅಂದವಳಲ್ಲ.
ಲಾಭ, ಅನ್ನುತ್ತಿದ್ದಳು ಮೊದಲನೆಯದಕ್ಕೆ,
ಆಮೇಲೆ ಎರಡು, ಮೂರು.
ಲಾಭ, ಅಂತ ನಾನೂ ಕೂಗಿದೆ,
ಕೂಗಿ, ಐನೂರ ಒಂದನ್ನು ಅಂಗೈಯಲ್ಲಿ ಒರೆಸಿ
ಐನೂರು ಅಂತ ಬರೆದೆ.